ಜಾತ್ರೆ ಮಳಿಗೆಯಲ್ಲಿ ಮಾರಲು ಕೂರುವವರು ಓದಿ

ನಮಸ್ಕಾರ ಎಲ್ಲರಿಗೂ. ಸಾಗರದ ಮಾರಿಕಾಂಬಾ ಜಾತ್ರೆ 3 ವರ್ಷಕ್ಕೊಮ್ಮೆ ಬರುವುದು, ಆಸೆ ಜಾಸ್ತಿ ಇರುತ್ತದೆ, ಆದರೂ ಮನೆಯಲ್ಲಿರುವುದನ್ನೆಲ್ಲ ಸುಮ್ನೆ ಹೊತ್ತು ತರಬೇಡಿ. ನಮ್ಮ ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ, ಅಂದರೆ ಹಸೆ ಚಿತ್ತಾರದ ದೊಡ್ಡ ಫ್ರೇಮ್ ಒಂದೆರಡು ಸಾಕು, ಅವು ಜನರನ್ನು ನಿಲ್ಲಿಸುವುದಕ್ಕೆ. ಮಾರಾಟವಾಗುವುದು 100-200 ರೂಪಾಯಿಯ ಸಣ್ಣ ಸಾಮಾನು. ಎಲ್ಲದಕ್ಕೂ ಬೆಲೆ ಚೀಟಿ ಅಂಟಿಸಿ. ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರೇ ಹೆಚ್ಚು, ಅಲ್ವಾ? ಭೂಮಿ ಹುಣ್ಣಿಮೆ ಬುಟ್ಟಿ (ಆ ಹಬ್ಬಕ್ಕೆ ಚಿತ್ತಾರ ಬರೆದು ಸಿಂಗರಿಸುವ ಬುಟ್ಟಿ) ತರುವವರು ಕೆಮ್ಮಣ್ಣು, ಅಕ್ಕಿ ಹಿಟ್ಟು, ಪುಂಡಿ ನಾರಿನ ಕುಂಚವನ್ನೂ ತನ್ನಿ, ಕೂತಲ್ಲೇ ನಾಲ್ಕು ಗೆರೆ ಎಳೆದು ತೋರಿಸಿದರೆ 'ಇದು ಪ್ರಿಂಟಾ?' ಅನ್ನೋ ಪ್ರಶ್ನೆ ನಿಲ್ಲುತ್ತದೆ, ಚೌಕಾಸಿಯೂ ಕಡಿಮೆಯಾಗುತ್ತದೆ. ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಸ್ಕ್ಯಾನರ್ ಒಂದನ್ನೇ ನಂಬಬೇಡಿ, ಚಿಲ್ಲರೆ ಇರಲಿ. ಯಾರು ಯಾವ ದಿನ ಕೂರುತ್ತೀರಿ, ಇಲ್ಲೇ ಹೇಳಿ.