ಅಮ್ಮನ ಹಳದಿ ಕಾರ್ಡಿನ ಅವಧಿ ಮುಗಿದಿಲ್ಲ

ಗೆ,
ವ್ಯವಸ್ಥಾಪಕರು,
ಟಿಕೆಟ್ ಬುಕಿಂಗ್ ವಿಭಾಗ

ವಿಷಯ: ಲಸಿಕೆ ಬಗ್ಗೆ ತಪ್ಪು ಮಾಹಿತಿ ಕೊಟ್ಟು ಟಿಕೆಟ್ ರದ್ದು ಮಾಡಿದ್ದು

ಮಾನ್ಯರೇ,

ಉಗಾಂಡಾದಲ್ಲಿರುವ ಅಣ್ಣನನ್ನು ನೋಡಿ ಬರಲು ಅಮ್ಮನಿಗೂ ನನಗೂ ನಿಮ್ಮಲ್ಲಿ ಟಿಕೆಟ್ ಮಾಡಿಸಿದ್ದೆ. ಅಲ್ಲಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಕಾರ್ಡ್ ತೋರಿಸಲೇಬೇಕು, ಗೊತ್ತು. ಅಮ್ಮ 2013ರಲ್ಲೇ ಹಾಕಿಸಿಕೊಂಡಿದ್ದಾರೆ. ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದಾರೆ. ಅದರಲ್ಲಿ ನೀಲಿ ಪೆನ್ನಿನಲ್ಲಿ ಬರೆದ ಕೊನೆಯ ವರ್ಷ 2023.

ನಿಮ್ಮ ಸಿಬ್ಬಂದಿ ನೋಡಿದ್ದು ಅದೊಂದನ್ನೇ. "ಮೇಡಂ, ಎಕ್ಸ್‌ಪೈರ್ ಆಗಿದೆ. ಮತ್ತೆ ಹಾಕಿಸಿ, ಇಲ್ಲಾಂದ್ರೆ ವಿಮಾನ ಹತ್ತೋಕೆ ಬಿಡಲ್ಲ" ಅಂದರು. ಅಮ್ಮನಿಗೆ 68 ವರ್ಷ. ಇದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. 60 ದಾಟಿದವರಿಗೆ ವೈದ್ಯರೇ ಯೋಚಿಸಿ ಕೊಡುತ್ತಾರೆ. ನಿಮ್ಮವರು ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟರು!

ಲಸಿಕೆ ಕೇಂದ್ರದ ವೈದ್ಯರು ಕಾರ್ಡನ್ನು ತಿರುಗಿಸಿ ನೋಡಿ ನಕ್ಕರು. ಹತ್ತು ವರ್ಷದ ಲೆಕ್ಕ 2016ರ ಜುಲೈ 11ಕ್ಕೇ ಹೋಯಿತಂತೆ. ಅಂದಿನಿಂದ ಒಂದು ಡೋಸಿನ ಕಾರ್ಡ್ ಜೀವನಪೂರ್ತಿ ನಡೆಯುತ್ತದೆ. ಹಳೆಯ ಕಾರ್ಡಿನಲ್ಲಿ ಯಾವ ತಾರೀಖು ಬರೆದಿದ್ದರೂ ಸರಿ, ತಿದ್ದಿಸುವುದೂ ಬೇಡ. ಇದನ್ನು ಹೇಳೋಣ ಅಂತ ಫೋನ್ ಮಾಡಿದರೆ, "ದಾಖಲೆ ಪೂರ್ತಿ ಇಲ್ಲ" ಅಂತ ಅಮ್ಮನ ಟಿಕೆಟ್ ಆಗಲೇ ರದ್ದಾಗಿತ್ತು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ರದ್ದತಿ ಶುಲ್ಕವನ್ನು ಮಾತ್ರ ಮರೆಯದೆ ಹಿಡಿದುಕೊಂಡಿದ್ದೀರಿ.

ಇನ್ನೊಂದು. ನೀವು ಕಳಿಸಿದ ಪಟ್ಟಿಯಲ್ಲಿ "ಪ್ರಯಾಣಕ್ಕೆ ಮೊದಲು ಲಸಿಕೆ ಹಾಕಿಸಿ" ಅಂತಷ್ಟೇ ಇದೆ. ಮೊದಲ ಸಲ ಹಾಕಿಸಿಕೊಂಡವರ ಕಾರ್ಡ್ 10 ದಿನ ಕಳೆದ ಮೇಲೆಯೇ ಚಾಲ್ತಿಗೆ ಬರುತ್ತದೆ ಅನ್ನುವುದು ಎಲ್ಲೂ ಇಲ್ಲ. ನಾನು ಹೊರಡುವ ವಾರ ಹಾಕಿಸಿದರಾಯಿತು ಅಂದುಕೊಂಡಿದ್ದೆ. ಅಮ್ಮನ ಜೊತೆ ಹೋದಾಗ ವೈದ್ಯರು ಹೇಳಿದ್ದಕ್ಕೆ ಅಲ್ಲೇ ಸೂಜಿ ಚುಚ್ಚಿಸಿಕೊಂಡೆ. ನಿಮ್ಮ ತಪ್ಪಿನಿಂದ ನನಗೆ ಒಳ್ಳೆಯದಾಯಿತು ಅನ್ನಬೇಕು, ವಿಚಿತ್ರ ಅಲ್ವಾ?

ರದ್ದತಿ ಶುಲ್ಕವನ್ನು ಪೂರ್ತಿ ವಾಪಸ್ ಕೊಡಿ. ಅಮ್ಮನಿಗೆ ಅದೇ ವಿಮಾನದಲ್ಲಿ, ಹಳೆಯ ದರಕ್ಕೇ ಸೀಟು ಮಾಡಿಸಿಕೊಡಿ. ಪಟ್ಟಿಯನ್ನೂ ತಿದ್ದಿ. 7 ದಿನದೊಳಗೆ ಉತ್ತರ ಬರಹದಲ್ಲಿ ಬರಲಿ, ಫೋನ್ ಬೇಡ. ಬರದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ.

ಅಮ್ಮನ ಕಾರ್ಡಿನ ಎರಡೂ ಬದಿಯ ಪ್ರತಿ ಲಗತ್ತಿಸಿದ್ದೇನೆ. ಈ ಸಲ 2023 ನೋಡಿ ಗಾಬರಿಯಾಗಬೇಡಿ.

ಇಂತಿ,
ನಿಮ್ಮ ಗ್ರಾಹಕಿ