ಸೇಬಾನಿಗೆ ಚೇಳು ಕಚ್ಚಿದ ದಿನ

ಪ್ರೀತಿಯ ತಮ್ಮ,

ನಿನ್ನ ಹಸ್ತಪ್ರತಿ ಬಂದು ಮೂರು ವಾರವಾಯಿತು. ಜೊತೆಗಿದ್ದ ಚೀಟಿಯನ್ನೇ ಮೊದಲು ಓದಿದೆ. "ಇಬ್ಬರು ವಾಪಸ್ ಕಳಿಸಿದರು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಸರ್" ಅಂತ ಬರೆದಿದ್ದೀಯ. ಕರುಳು ಚುರುಕ್ ಎಂದಿತು. ಆಮೇಲೆ ಕಾದಂಬರಿ ಓದಿದೆ. ಸಿಟ್ಟು ಬಂತು.

ಅಧ್ಯಾಯ ಎಷ್ಟು ಉದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಬಿಡು.

ನಿನ್ನ ಕತೆ ಹಳೇ ಈಜಿಪ್ಟಿನ ರಾಜ ಖುಫುವಿನ ಪಿರಮಿಡ್ಡಿನದು. ಮೊದಲ ಪುಟದಲ್ಲೇ ಸಾವಿರಾರು ಗುಲಾಮರು, ಬೆನ್ನಿಗೆ ಚಾಟಿ, ರಕ್ತ. ಇದನ್ನೆಲ್ಲ ಎಲ್ಲಿ ನೋಡಿದೆ? ಸಿನಿಮಾದಲ್ಲಿ, ಅಲ್ವಾ? 1990ರಲ್ಲಿ, ಆ ಪಿರಮಿಡ್ಡು ಇರುವ ಗೀಝಾದಲ್ಲಿ, ಆ ಕೆಲಸಗಾರರ ಸಮಾಧಿಗಳೇ ಸಿಕ್ಕವು. ಗುಲಾಮರಿಗೆ ರಾಜನ ಪಿರಮಿಡ್ಡಿನ ಹತ್ತಿರ ಯಾರಪ್ಪಾ ಸಮಾಧಿ ಕಟ್ಟುತ್ತಾರೆ? 2013ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿ ಸಿಕ್ಕಿತು. ತನ್ನ ಆಳುಗಳ ಜೊತೆ ತುರಾದ ಕಲ್ಲುಗಣಿಯಿಂದ ಗೀಝಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ಲೆಕ್ಕ. ಖುಫುವಿನ ಕಾಲದ್ದೇ! ಅದನ್ನು ಬಿಟ್ಟು ನೀನು ಚಾಟಿ ಹಿಡಿದಿದ್ದೀಯ.

ಇನ್ನು ಆ 12ನೇ ಅಧ್ಯಾಯ. ಖುಫುವಿನ ಆಸ್ಥಾನಕ್ಕೆ ಒಬ್ಬ ಕನ್ನಡದ ವ್ಯಾಪಾರಿ ಬರುತ್ತಾನೆ. ಈಜಿಪ್ಟಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂಬ ಸುದ್ದಿ ನಿನ್ನ ತಲೆಯಲ್ಲಿದೆ. ಅದನ್ನು ಬರೆದ ಪಪೈರಸ್ (ಜೊಂಡಿನ ಹಾಳೆ) ಕ್ರಿ.ಶ. 2ನೇ ಶತಮಾನದ್ದು. ಖುಫುವಿಗೂ ಅದಕ್ಕೂ ನಡುವೆ 2,600 ವರ್ಷಕ್ಕಿಂತ ಜಾಸ್ತಿ ಅಂತರ. ಅದರಲ್ಲಿರುವುದು ಕನ್ನಡವೋ ತುಳುವೋ ಎಂದು ವಿದ್ವಾಂಸರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಚಪ್ಪಾಳೆ ಸಿಗುತ್ತದೆ ಅಂತ ಬರೆದ ಅಧ್ಯಾಯ ಅದು. ತೆಗೆದುಬಿಡು.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. 1994ರಲ್ಲಿ ನಾನೂ ಒಂದು ವಾರಪತ್ರಿಕೆಗೆ ಈಜಿಪ್ಟಿನ ಧಾರಾವಾಹಿ ಬರೆದೆ. ನನ್ನದೂ ಚಾಟಿಯಿಂದಲೇ ಶುರು. ಓದುಗರ ಕಾಗದಗಳು ರಾಶಿ ಬಿದ್ದವು. ಊರೂರಲ್ಲಿ ಶಾಲು, ಹಾರ. ಆ ರಾಶಿಯಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರ ಪೋಸ್ಟ್‌ಕಾರ್ಡು ಇತ್ತು. "ಗುಲಾಮರ ಈ ವಿಷಯ ತಾವು ಎಲ್ಲಿ ಓದಿದ್ದು? ತಿಳಿಸಿದರೆ ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ." ನಾನು ಎಲ್ಲೂ ಓದಿರಲಿಲ್ಲ. ಉತ್ತರ ಬರೆಯಲಿಲ್ಲ. ಧಾರಾವಾಹಿ ಪುಸ್ತಕವಾದಾಗಲೂ ತಿದ್ದಲಿಲ್ಲ. ಆ ಮೇಷ್ಟ್ರು ಮಕ್ಕಳಿಗೆ ಏನು ಹೇಳಿದರೋ ಎಂಬುದು ಈಗಲೂ ಚುಚ್ಚುತ್ತದೆ.

ಆ ಕಾರ್ಡಿನ ದೆಸೆಯಿಂದಲೇ ನಾನು ಸರಿಯಾಗಿ ಓದೋದಕ್ಕೆ ಕೂತೆ. ಆಗ ಸಿಕ್ಕಿದ ಊರು ಡೇರ್ ಎಲ್-ಮದೀನಾ. ಲಕ್ಸರ್‌ನ ಎದುರು, ನೈಲ್ ನದಿಯ ಆಚೆ ದಡದಲ್ಲಿ, ಗುಡ್ಡಗಳ ನಡುವೆ. ರಾಜರ ಕಣಿವೆಯಲ್ಲಿ ಸಮಾಧಿ ಕೊರೆದು, ಬಣ್ಣ ಬರೆದವರು ಇದ್ದ ಊರು. ಅಲ್ಲಿನ ಒಂದು ಸುಣ್ಣಕಲ್ಲಿನ ಚಕ್ಕೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದು ಮೊಳಕ್ಕಿಂತ ಸ್ವಲ್ಪ ಕಮ್ಮಿ ಎತ್ತರ. ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು, ಅಂದರೆ ಕ್ರಿ.ಪೂ. 1250ರ ಸುಮಾರಿನದು. ಏನದು ಅಂತೀಯಾ? ಹಾಜರಿ ಪುಸ್ತಕ! 40 ಜನರ ಹೆಸರು. ಬಾರದ ದಿನಗಳು ಕಪ್ಪು ಶಾಯಿಯಲ್ಲಿ, ಯಾಕೆ ಬರಲಿಲ್ಲ ಎಂಬುದು ಮೇಲೆ ಕೆಂಪು ಶಾಯಿಯಲ್ಲಿ. ಪೆನ್ನುಬ್‌ನ ತಾಯಿಗೆ ಹುಷಾರಿಲ್ಲ. ಹುಯ್‌ನೆಫರ್‌ಗೆ ಮತ್ತೆ ಮತ್ತೆ ಕಣ್ಣುಬೇನೆ. ಸೇಬಾನಿಗೆ ಚೇಳು ಕಚ್ಚಿದೆ. ಒಬ್ಬ ಮನೆಯಲ್ಲಿ ಬಿಯರ್ ಮಾಡುತ್ತಿದ್ದಾನೆ. ಇನ್ನೊಬ್ಬನ ಹೆಂಡತಿಗೋ ಮಗಳಿಗೋ ಮುಟ್ಟು.

ತಮ್ಮಾ, ಆ ಕೆಂಪಕ್ಷರಗಳ ಮುಂದೆ ನನ್ನ ಧಾರಾವಾಹಿಯ ಒಂದು ಸಾಲೂ ನಿಲ್ಲುವುದಿಲ್ಲ.

ಹಸಿವಿನ ಬಗ್ಗೆ ನೀನು ನಾಲ್ಕು ಪುಟ ಬರೆದಿದ್ದೀಯ. ಅದೇ ಊರಿನವರ ಹಸಿವು ನೋಡು. ಅವರಿಗೆ ಸಂಬಳ ಅಂದರೆ ಧಾನ್ಯ. ತಿಂಗಳಿಗೆ ನಾಲ್ಕು ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ ಅದು ಬರಲಿಲ್ಲ. ತಿಂಗಳಲ್ಲಿ 18 ದಿನ ಕಳೆದವು ಎಂದು ಹೇಳಿ, ಉಪಕರಣ ಬಿಟ್ಟು, ಕಾವಲು ಗೋಡೆ ದಾಟಿ ಹೊರಟರು. ಮೂರನೇ ಥುಟ್ಮೋಸ್‌ನ ಗುಡಿಯ ಹಿಂದೆ ಹೋಗಿ ಕೂತರು. ಹಸಿವು ಬಾಯಾರಿಕೆ ತಾಳಲಾರದೆ ಬಂದಿದ್ದೇವೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಎಂದರು. ಅಮೆನ್ನಖ್ತ್ ಎಂಬ ಲಿಪಿಕಾರ ಬರೆದಿಟ್ಟ ಆ ಪಪೈರಸ್ ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ನಿನ್ನ ನಾಲ್ಕು ಪುಟದಲ್ಲಿ "ಜಠರಾಗ್ನಿ" ಆರು ಸಲ ಬಂದಿದೆ. ಮೀನು ಒಂದು ಸಲವೂ ಬಂದಿಲ್ಲ.

ಹೀಗೆಲ್ಲ ಬೈದೆ ಅಂತ ಮುಖ ಸಣ್ಣ ಮಾಡಿಕೊಳ್ಳಬೇಡ. 211ನೇ ಪುಟವನ್ನು ನಾನು ಮೂರು ಸಲ ಓದಿದೆ. ಕತ್ತೆಯ ಮೇಲೆ ನೀರು ಹೇರಿಕೊಂಡು ಬರುವ ಮುದುಕ, ದಾರಿಯಲ್ಲಿ ನಿಂತು ಕತ್ತೆಯ ಕಿವಿಯಲ್ಲಿನ ಉಣ್ಣೆಹುಳ ಕೀಳುತ್ತಾನಲ್ಲ, ಆ ಪುಟ. ಅಲ್ಲಿ ರಾಜನಿಲ್ಲ, ಶಾಪವಿಲ್ಲ, ಚಿನ್ನವಿಲ್ಲ. ಅಲ್ಲಿ ನೀನು ಯಾರ ಚಪ್ಪಾಳೆಗೂ ಕಾಯುತ್ತಿರಲಿಲ್ಲ.

ಡೇರ್ ಎಲ್-ಮದೀನಾದಲ್ಲಿ ನೀರಿನ ಸೆಲೆ ಇರಲಿಲ್ಲ, ಗೊತ್ತಾ? ದಿನಬಳಕೆಯ ನೀರೆಲ್ಲ ಕತ್ತೆಯ ಮೇಲೇ ಬರಬೇಕಿತ್ತು. ನಿನ್ನ ಮುದುಕನನ್ನು ಗೀಝಾದಿಂದ ಎಬ್ಬಿಸಿ ಆ ಊರಿಗೆ ಕಳಿಸು. ಸೇಬಾನಿಗೆ ಚೇಳು ಕಚ್ಚಿದ ದಿನವೇ ಅವನು ಊರು ಮುಟ್ಟಲಿ. ಯಾರ ಮನೆ ಬಾಗಿಲಲ್ಲಿ ಮೊದಲು ನೀರು ಇಳಿಸಿದ, ಒಳಗಿನಿಂದ ಯಾರು ಬಂದರು, ಏನು ಹೇಳಿದರು? ಅಷ್ಟು ಬರೆದು ಕಳಿಸು. ಹತ್ತು ಪುಟ ಸಾಕು.

ಈ ಸಲ ಉತ್ತರಕ್ಕೆ ತಡ ಮಾಡುವುದಿಲ್ಲ.

ನಿನ್ನವನೇ