40ನೇ ನಂಬರಿನ ಕಪ್ಪು ದಾರ

ಪುಟ್ಟಿ,

ನೀವು ಬೆಂಗಳೂರು ತಲುಪಿದಿರಿ ಅಂತ ಅಮ್ಮ ಹೇಳಿದಳು. ಮಗು ರೈಲಿನಲ್ಲಿ ಅಳಲಿಲ್ಲವಂತೆ, ಒಳ್ಳೆಯದಾಯಿತು. 22 ದಿನದ ಬಾಣಂತಿ ತವರಿನಿಂದ ಇಂಟರ್‌ಸಿಟಿ ಹತ್ತಿ ಹೋದಳು ಅಂತ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೇಳಿದರು. ಕೇಳಲಿ ಬಿಡು. ಭಾನುವಾರ ನಾನು ದಾರ ಹಿಡಿದು ಮಗುವಿನ ಆರನೇ ಬೆರಳಿಗೆ ಕೈ ಹಾಕಿದ್ದನ್ನು ಮತ್ತೆ ಬರೆಯುವುದಿಲ್ಲ.

ಆದರೆ ಹೊರಡುವಾಗ ಒಂದು ಮಾತು ಕೇಳಿದೆಯಲ್ಲ, "ಅಪ್ಪಾಜಿ, ನನಗೂ ಹೀಗೇ ಮಾಡಿದ್ರಾ?" ಅಂತ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗ್ಯಾಸ್ ಆರಿಸುವ ನೆಪ ಮಾಡಿ ಒಳಗೆ ಹೋದಳು. ನೀನು ಉತ್ತರಕ್ಕೆ ಕಾಯಲಿಲ್ಲ.

ಹೌದು. ನಾನೇ ಕಟ್ಟಿದ್ದು.

ನೀನು ಹುಟ್ಟಿದ ಹನ್ನೊಂದನೇ ದಿನ. ಎಡಗೈ ಕಿರುಬೆರಳ ಪಕ್ಕ ಇನ್ನೊಂದು ಬೆರಳಿತ್ತು, ಅವರೆಕಾಳಿನಷ್ಟು. ಅದಕ್ಕೂ ಒಂದು ಉಗುರು. ಮೂಳೆ ಇರಲಿಲ್ಲ, ಸಣ್ಣ ತೊಟ್ಟಿನ ಮೇಲೆ ನೇತಾಡುತ್ತಿತ್ತು. ಎಣ್ಣೆ ನೀರು ಹಾಕಲು ಬರುತ್ತಿದ್ದ ಮುದುಕಿ, "ದಾರ ಬಿಗಿದರೆ ತಾನೇ ಉದುರುತ್ತೆ, ಹೆಣ್ಣುಮಗು ಬೇರೆ" ಅಂದಳು. ದರ್ಜಿ ಮನೆಯಲ್ಲಿ ದಾರಕ್ಕೇನು ಬರ? ಚೌಕಿಪೇಟೆಯ ಅಂಗಡಿಯಿಂದ 40ನೇ ನಂಬರಿನ ರೀಲು ತಂದೆ. ಬಿಳಿಯದೂ ಇತ್ತು, ಕಪ್ಪು ತಂದೆ. ಯಾಕೆ ಕಪ್ಪು ಅಂತ ಈ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ದೃಷ್ಟಿಗೂ ಆಯಿತು ಅಂದುಕೊಂಡಿರಬೇಕು. ಮೂರು ಸುತ್ತು, ಎರಡು ಗಂಟು. ಗುಂಡಿ ಹಚ್ಚುವಾಗ ಹಾಕುತ್ತೇನಲ್ಲ, ಅದೇ ಗಂಟು. ನೀನು ಅಳಲಿಲ್ಲ.

ಸುಳ್ಳು. ಅತ್ತೆ. ರಾತ್ರಿಯೆಲ್ಲ ಅತ್ತೆ. ಅಮ್ಮ ಬಿಚ್ಚಿ ಅಂದಳು, ನಾನು ಬಿಚ್ಚಲಿಲ್ಲ. ಮೊದಲು ಕೆಂಪಾಯಿತು, ಆಮೇಲೆ ನೇರಳೆ, ಆಮೇಲೆ ದಾರದ ಬಣ್ಣವೇ ಆಯಿತು. ಒಂಬತ್ತನೇ ದಿನ ತೊಟ್ಟಿಲ ಬಟ್ಟೆಯಲ್ಲಿ ಸಿಕ್ಕಿತು. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸುತ್ತಿ ಹಿತ್ತಲ ದಾಸವಾಳದ ಬುಡದಲ್ಲಿ ಹೂತೆ. ಆ ಉಗುರು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಪುಟ್ಟಿ. ಸೂಜಿಯ ಕಣ್ಣಿಗಿಂತ ಸ್ವಲ್ಪ ದೊಡ್ಡದು.

ನಿನ್ನ ಕೈಯ ಆ ಗಂಟು ಹುಟ್ಟು ಮಚ್ಚೆ ಅಂತ ಹೇಳಿಕೊಂಡು ಬಂದೆವು. ಅದು ನನ್ನ ದಾರದ ಗುರುತು. ಹೀಗೆ ಕಟ್ಟಿದರೆ ಒಳಗೆ ನರದ ತುದಿ ಉಳಿದು ಗಂಟಾಗಬಹುದಂತೆ, ಮುಟ್ಟಿದರೆ ನೋಯಬಹುದಂತೆ. ನಿನ್ನ ತಮ್ಮ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ. ಎರಡನೇ ಕ್ಲಾಸಿನಲ್ಲಿ ಬೆಂಚಿಗೆ ಕೈ ತಾಗಿತು ಅಂತ ಅಳುತ್ತಾ ಬಂದಾಗ, ನಾಟಕ ಮಾಡಬೇಡ ಅಂದಿದ್ದೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನನ್ನ ತಾತನಿಗೂ ಆರು ಬೆರಳು. ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಆರುಬೆರಳಜ್ಜ ಅಂತಲೇ ಕರೆಯುತ್ತಿದ್ದರು. ಮುಂಗಾರಿಗೆ ಮೊದಲ ಹಿಡಿ ಬೀಜ ಅವನ ಕೈಯಿಂದಲೇ ಹಾಕಿಸುತ್ತಿದ್ದರು, ಅದೃಷ್ಟದ ಕೈ ಅಂತ. ಇದು ವಂಶದಲ್ಲಿ ಬರುತ್ತದಂತೆ, ಕೆಲವೊಮ್ಮೆ ಒಂದೆರಡು ತಲೆಮಾರು ಕಾಣಿಸದೆ ಮುಂದಿನದರಲ್ಲಿ ಕಾಣಿಸುತ್ತದಂತೆ. ಅಂದರೆ ನನ್ನೊಳಗೂ ಇತ್ತು, ಹೊರಗೆ ಕಾಣಲಿಲ್ಲ, ಅಷ್ಟೇ. ಅದೇ ಬೆರಳು ತಾತನಿಗೆ ಬಂದಾಗ ಅದೃಷ್ಟ, ನಿನಗೆ ಬಂದಾಗ ಮುಂದೆ ಗಂಡು ಸಿಗುವುದಿಲ್ಲ ಅನ್ನುವ ಚಿಂತೆ. ಹೃತಿಕ್ ರೋಷನ್ ಬಲಗೈಗೆ ಎರಡು ಹೆಬ್ಬೆರಳು. ಅವನ ಪಿಕ್ಚರಿಗೆ ನಾವೇ ಕ್ಯೂ ನಿಂತಿದ್ದೆವು, ಅಲ್ವಾ?

ನನಗಾದರೂ ಗೊತ್ತಾಗಬೇಕಿತ್ತು. 38 ವರ್ಷ ಟೇಪು ಹಿಡಿದವನು ನಾನು. ಬಲ ಭುಜ ಇಳಿದವರು, ಒಂದು ತೋಳು ಅರ್ಧ ಇಂಚು ಉದ್ದ ಇರುವವರು, ಕತ್ತು ಒಂದು ಕಡೆ ವಾಲಿದವರು. ಎರಡೂ ಕಡೆ ಸರಿಸಮ ಇರುವ ಮೈ ನನಗೆ ಸಿಕ್ಕೇ ಇಲ್ಲ. ಪುಸ್ತಕದಲ್ಲಿ ಗುರುತು ಹಾಕಿಕೊಂಡು ಸುಮ್ನೆ ಹೊಲಿದುಕೊಡುತ್ತಿದ್ದೆ. ಯಾರಿಗೂ ನಿಮ್ಮ ಭುಜ ತಪ್ಪಾಗಿದೆ ಅನ್ನಲಿಲ್ಲ. 1950ರಲ್ಲಿ ಅಮೆರಿಕದ ವಾಯುಸೇನೆಯವರು 4,063 ಪೈಲಟ್‌ಗಳ ಅಳತೆ ತೆಗೆದರಂತೆ, ಸರಾಸರಿ ಮೈಗೆ ಸರಿಯಾಗಿ ಸೀಟು ಮಾಡೋಣ ಅಂತ. ಎತ್ತರ, ಎದೆ, ತೋಳು ಅಂತ 10 ಅಳತೆ. ಹತ್ತರಲ್ಲೂ ಸರಾಸರಿಗೆ ಹತ್ತಿರ ಬಂದವನು ಒಬ್ಬನೂ ಇರಲಿಲ್ಲ. ಅದಕ್ಕೇ ಮುಂದಕ್ಕೆ ಹಿಂದಕ್ಕೆ ಸರಿಸುವ ಸೀಟು ಬೇಕಾಯಿತು. ಇದನ್ನು ಕೇಳಿ ನಗು ಬಂತು. ನನ್ನನ್ನು ಕೇಳಿದ್ದರೆ ಒಂದು ಟೀ ಕುಡಿಯುವಷ್ಟರಲ್ಲಿ ಹೇಳುತ್ತಿದ್ದೆ.

ಸ್ವಪ್ನಾ ಬರ್ಮನ್ ಅಂತ ಬಂಗಾಳದ ಹುಡುಗಿ, ಎರಡೂ ಕಾಲಿಗೆ ಆರಾರು ಬೆರಳು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಅನ್ನುವ ಏಳು ಆಟದ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. ಅಂಗಡಿಯ ಶೂ ಅವಳ ಕಾಲಿಗೆ ಬಿಗಿಯಾಗಿ ನೋಯುತ್ತಿತ್ತಂತೆ. ಕುಪ್ಪಸ ಬಿಗಿಯಾದರೆ ನಾನು ಹೊಲಿಗೆ ಬಿಚ್ಚುತ್ತೇನೆ, ಮೈ ಕತ್ತರಿಸುವುದಿಲ್ಲ. ಇನ್ನೂ ಒಂದು ಓದಿಸಿದೆ. ಅಮೆರಿಕದ ಚಾಕೋ ಕಣಿವೆಯಲ್ಲಿ ಸಾವಿರ ವರ್ಷದ ಹಿಂದೆ ಇದ್ದ ಜನ ಆರು ಬೆರಳಿನ ಹೆಜ್ಜೆ ಗುರುತನ್ನು ಗೋಡೆಯ ಮೇಲೆ ಮೂಡಿಸಿದ್ದರಂತೆ. ಅಲ್ಲಿ ಹೂತಿದ್ದ ಒಬ್ಬರ ಆರು ಬೆರಳಿನ ಕಾಲಿಗೆ ಮಾತ್ರ ಕಡಗ ಇತ್ತು. ಇನ್ನೊಂದು ಕಾಲು ಬರಿದು.

ನೋಡು, ಕ್ಷಮೆ ಕೇಳಲು ಕೂತವನು ಪಾಠ ಮಾಡುತ್ತಿದ್ದೇನೆ. ಬರಿ ಒಂದೆರಡು ಮಾತು ಹೇಳಿಬಿಡುತ್ತೇನೆ, ಬೈದುಕೋ. ಮಕ್ಕಳ ಡಾಕ್ಟರಿಗೆ ಒಮ್ಮೆ ಪೂರ್ತಿ ತೋರಿಸು. ಹೆಚ್ಚಿನವರಿಗೆ ಬೆರಳೊಂದೇ ಇರುತ್ತದಂತೆ, ಅಪರೂಪಕ್ಕೆ ಜೊತೆಗೆ ಹೃದಯದಲ್ಲೋ ಮೂಳೆಯಲ್ಲೋ ಏನಾದರೂ ಇರಬಹುದಂತೆ. ಎಕ್ಸ್‌ರೇ ತೆಗೆಸು. ಮಗುವಿನದು ನಿನ್ನದರಂತಲ್ಲ, ಮುಟ್ಟಿದಾಗ ಗಟ್ಟಿ ಇತ್ತು. ಮೂಳೆ ಇರುವ ಬೆರಳಿಗೆ ದಾರ ಕಟ್ಟಲೇಬಾರದಂತೆ. ಇದು ನನಗೆ ಗೊತ್ತಾಗಿದ್ದು ನಿನ್ನೆ, ಬುಧವಾರ. ಭಾನುವಾರ ಗೊತ್ತಿರಲಿಲ್ಲ. ನೀನು ನೀರು ಕುಡಿಯಲು ಎದ್ದು ಬರದೆ ಇದ್ದಿದ್ದರೆ?

ತೆಗೆಸುವುದೋ ಬಿಡುವುದೋ, ಅದು ನೀವಿಬ್ಬರೂ ಡಾಕ್ಟರೂ ಕೂತು ಮಾತಾಡಿ. ಸ್ಕೂಲಿನಲ್ಲಿ ಆಡಿಕೊಂಡರೆ ಏನು ಮಾಡುವುದು ಅನ್ನುವ ಭಯ ನನಗೆ ಹೋಗಿಲ್ಲ. ಹೋಯಿತು ಅಂತ ಬರೆದರೆ ನೀನು ನಂಬುವುದೂ ಇಲ್ಲ. ಆದರೆ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡೆಯಲ್ಲ, ಆಗ ನಿನ್ನ ಮುಖ ನೋಡಿದೆ. ಬೈಸಿಕೊಳ್ಳುತ್ತಿದ್ದರೂ ಒಳಗೆ ಎಲ್ಲೋ, ನನ್ನ ಮಗಳು ಅನ್ನಿಸಿತು. ಅಮ್ಮ ಅವತ್ತು ಹಾಗೆ ಕಿತ್ತುಕೊಂಡಿರಲಿಲ್ಲ. ಅವಳಿಗೆ ನಾನು ಆ ಧೈರ್ಯ ಉಳಿಸಿರಲಿಲ್ಲ.

ಅಂಟಿನುಂಡೆ ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯ. ಶನಿವಾರ ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ. ನಾನು ಬರುವುದಿಲ್ಲ, ನೀನಾಗಿ ಕರೆಯುವ ತನಕ.

ಆ ಗಂಟು ಈಗಲೂ ಚಳಿಗೆ ನೋಯುತ್ತದಾ? ನಾನು ಒಮ್ಮೆಯೂ ಕೇಳಿಲ್ಲ. ನನಗೆ ಹೇಳಲು ಮನಸ್ಸಿಲ್ಲದಿದ್ದರೆ ಅಮ್ಮನಿಗಾದರೂ ಹೇಳು.

ಅಪ್ಪಾಜಿ
ದಾವಣಗೆರೆ, ಗುರುವಾರ ರಾತ್ರಿ